ವಿದ್ಯಾರ್ಥಿಯೋ, ಅಭ್ಯರ್ಥಿಯೋ?

ಸ್ಪರ್ಧಾತ್ಮಕ ಪರೀಕ್ಷೆಗೆಂದು ನಾವೆಲ್ಲ ಕೊಳ್ಳುವ ಇಂಗ್ಲಿಷ್ ಗೈಡುಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿ ಇದ್ದೇ ಇರುತ್ತದೆ. ಅದರಲ್ಲಿ ಸ್ಟೂಡೆಂಟ್ ಎಂಬ ಪದದ ಎದುರು ಪ್ಯೂಪಿಲ್, ಸ್ಕಾಲರ್, ಲರ್ನರ್ ಎಂಬ ಪದಗಳನ್ನು ಸಾಲಾಗಿ ಅಚ್ಚು ಹಾಕಿರುತ್ತಾರೆ. ನಾವು ಉರು ಹೊಡೆಯುತ್ತೇವೆ. ನಾಲ್ಕು ಆಯ್ಕೆಗಳಲ್ಲಿ ಸರಿಯಾದುದಕ್ಕೆ ಗುರುತು ಹಾಕುತ್ತೇವೆ. ಅಂಕ ಬರುತ್ತದೆ, ಪದ ಮರೆತುಹೋಗುತ್ತದೆ.

ಈ ಪಟ್ಟಿಯ ಬಗ್ಗೆ ನನ್ನದೊಂದು ತಕರಾರಿದೆ. ಈ ಪದಗಳು ಒಂದೇ ಮನೆಯವರಂತೆ ಕಂಡರೂ ಒಂದೊಂದರ ಹುಟ್ಟು ಬೇರೆ, ಬಾಳಿದ ರೀತಿ ಬೇರೆ. ಓದುವವರನ್ನು ಒಂದು ಪದ ಅವರ ಆಸಕ್ತಿಯಿಂದ ಗುರುತಿಸುತ್ತದೆ, ಇನ್ನೊಂದು ಬಿಡುವಿನಿಂದ, ಮತ್ತೊಂದು ಅವರಿಗೆ ಸಿಕ್ಕ ಆಸರೆಯಿಂದ. ಇವುಗಳ ನಡುವೆ ಸಮ ಚಿಹ್ನೆ ಹಾಕಿಬಿಟ್ಟರೆ, ಓದುವುದೆಂದರೆ ಏನು ಎಂಬ ಪ್ರಶ್ನೆಗೆ ಜನ ನೂರಾರು ವರ್ಷಗಳಿಂದ ಕೊಟ್ಟ ಬೇರೆ ಬೇರೆ ಉತ್ತರಗಳು ಅಳಿಸಿಹೋಗುತ್ತವೆ. ಆ ಉತ್ತರಗಳು ಇನ್ನೂ ಉಳಿದಿರುವುದು ಹಳೆಯ ನಿಘಂಟುಗಳಲ್ಲಿ. ಅವನ್ನು ಒಮ್ಮೆ ತೆರೆದು ನೋಡೋಣ.

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳಿದ ಮೊದಲ ನಿಘಂಟು ಎಂದು ಸಾಮಾನ್ಯವಾಗಿ ಹೆಸರಿಸುವುದು 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ ಪುಟ್ಟ ಪುಸ್ತಕವನ್ನು. ಕಾಡ್ರಿ ಶಾಲಾ ಮಾಸ್ತರರಾಗಿದ್ದವರು. ಸುಮಾರು 2,500 ಕಠಿಣ ಪದಗಳನ್ನು ಮಾತ್ರ ಅವರು ಆರಿಸಿಕೊಂಡಿದ್ದರು. ಎಲ್ಲರಿಗೂ ಗೊತ್ತಿರುವ ಪದಗಳಿಗೆ ಅರ್ಥ ಹೇಳಬೇಕು ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಒಂದೂವರೆ ಶತಮಾನದ ನಂತರ, 1755ರಲ್ಲಿ, ಸ್ಯಾಮ್ಯುಯೆಲ್ ಜಾನ್ಸನ್ ಅವರ ನಿಘಂಟು ಲಂಡನ್ನಿನಲ್ಲಿ ಹೊರಬಂತು. ಎರಡು ಭಾರೀ ಸಂಪುಟಗಳು, 42,000ಕ್ಕೂ ಹೆಚ್ಚು ಪದಗಳು. ಪ್ರತಿ ಪದದ ಒಂದೊಂದು ಅರ್ಥವನ್ನೂ ಬಿಡಿಸಿ, ಅಂಕಿ ಹಾಕಿ, ಅದನ್ನು ಯಾರು ಹೇಗೆ ಬಳಸಿದ್ದಾರೆ ಎಂದು ಪುಸ್ತಕಗಳಿಂದ ಆರಿಸಿದ ಒಂದು ಲಕ್ಷಕ್ಕೂ ಹೆಚ್ಚು ಉದಾಹರಣೆಗಳನ್ನು ಅವರು ಕೊಟ್ಟರು. ಮೂರು ವರ್ಷದ ಕೆಲಸ ಎಂದು ಶುರು ಮಾಡಿದ್ದು ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಬರೆದುಕೊಳ್ಳಲು ಆರು ಮಂದಿ ಸಹಾಯಕರಿದ್ದರು, ಅಷ್ಟೇ.

ಜಾನ್ಸನ್ ತಾವೇ ಎಂಥ ವಿದ್ಯಾರ್ಥಿಯಾಗಿದ್ದರು ಎಂಬುದನ್ನೂ ಹೇಳಬೇಕು. ಅವರು ಸಣ್ಣ ಊರಿನ ಒಬ್ಬ ಪುಸ್ತಕ ವ್ಯಾಪಾರಿಯ ಮಗ. 1728ರಲ್ಲಿ ಆಕ್ಸ್‌ಫರ್ಡ್ ಸೇರಿದರು. ಒಂದು ವರ್ಷ ಕಳೆದು ಸ್ವಲ್ಪ ದಿನಕ್ಕೆ, ಕೈಯಲ್ಲಿ ದುಡ್ಡಿಲ್ಲದೆ, ಪದವಿ ಪಡೆಯದೆ ಹೊರಬಂದರು. ಅವರ ಹರಿದ ಬೂಟುಗಳನ್ನು ನೋಡಿ ಯಾರೋ ಹೊಸ ಜೋಡಿಯನ್ನು ಬಾಗಿಲ ಬಳಿ ಇಟ್ಟುಹೋದಾಗ ಅವರು ಅದನ್ನು ಸಿಟ್ಟಿನಿಂದ ಎಸೆದರು ಎಂದು ಅವರ ಜೀವನಚರಿತ್ರೆ ಬರೆದ ಬಾಸ್‌ವೆಲ್ ಹೇಳುತ್ತಾರೆ. ಮುಂದೆ ಜಾನ್ಸನ್ ಒಂದು ಶಾಲೆ ತೆರೆದರು. ಬೆರಳೆಣಿಕೆಯ ಹುಡುಗರು ಬಂದರು, ಶಾಲೆ ಮುಚ್ಚಿತು. ಓದು ಅರ್ಧಕ್ಕೆ ನಿಂತವರು, ಮಾಸ್ತರಿಕೆಯಲ್ಲಿ ಸೋತವರು, ಓದುವವರ ಬಗೆಗಿನ ಪದಗಳಿಗೆ ಏನು ಅರ್ಥ ಬರೆದರು?

ಮೊದಲು ಸ್ಟೂಡೆಂಟ್. ಜಾನ್ಸನ್ ಪ್ರಕಾರ ಸ್ಟೂಡೆಂಟ್ ಎಂದರೆ ಪುಸ್ತಕಗಳಿಗೆ ತನ್ನನ್ನು ಒಪ್ಪಿಸಿಕೊಂಡವನು, ಪುಸ್ತಕದ ಹುಳು. ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ಹೆಸರಿರಬೇಕು ಎಂಬ ಮಾತು ಅಲ್ಲಿಲ್ಲ. ಪದದ ಬೇರು ಲ್ಯಾಟಿನ್ ಭಾಷೆಯದು. ಉತ್ಸಾಹ ತೋರಿಸು, ಮನಸ್ಸಿಟ್ಟು ತೊಡಗು ಎಂಬುದು ಆ ಬೇರಿನ ಅರ್ಥ. ನಮ್ಮ ಮಾತುಗಳೂ ಇದರ ಹತ್ತಿರಕ್ಕೇ ಬರುತ್ತವೆ. ವಿದ್ಯಾರ್ಥಿ ಎಂದರೆ ವಿದ್ಯೆಯನ್ನು ಬಯಸುವವನು. ಉರ್ದುವಿನಲ್ಲಿ ತಾಲಿಬ್-ಎ-ಇಲ್ಮ್ ಎನ್ನುತ್ತೇವೆ, ಅಂದರೆ ಜ್ಞಾನವನ್ನು ಅರಸುವವನು. ಮೂರು ಭಾಷೆಗಳು, ಮೂರು ಊರುಗಳು. ಆದರೆ ಮೂರೂ ಒಂದೇ ಮಾತು ಹೇಳುತ್ತಿವೆ. ಓದುವವರ ಗುರುತು ಅವರಿಗೆ ಬಂದ ಅಂಕವಲ್ಲ, ಅವರಿಗೆ ಏನು ಬೇಕಾಗಿದೆ ಎಂಬುದು.

ಎರಡನೆಯದು ಸ್ಕಾಲರ್. ಗುರುವಿನಿಂದ ಕಲಿಯುವವನು ಎಂಬುದು ಜಾನ್ಸನ್ ಕೊಡುವ ಮೊದಲ ಅರ್ಥ, ವಿದ್ವಾಂಸ ಎಂಬುದು ಎರಡನೆಯದು. ಸ್ಕೂಲ್, ಸ್ಕಾಲರ್, ಸ್ಕಾಲರ್‌ಶಿಪ್ ಮೂರೂ ಒಂದೇ ಕುಟುಂಬದ ಪದಗಳು. ಇವುಗಳ ಮೂಲ ಗ್ರೀಕ್ ಭಾಷೆಯ ಸ್ಖೊಲೆ ಎಂಬ ಪದ. ಅದರ ಅರ್ಥ ಕೇಳಿದರೆ ನಮ್ಮ ಗೆಳೆಯರು ನಗಬಹುದು. ಸ್ಖೊಲೆ ಎಂದರೆ ಬಿಡುವು! ಹೊಟ್ಟೆಪಾಡಿನ ಕೆಲಸದಿಂದ ಬಿಡುವು ಸಿಕ್ಕಾಗ ಮನುಷ್ಯ ಮಾತುಕತೆ, ಚರ್ಚೆ, ಕಲಿಕೆಗೆ ಕೂರುತ್ತಿದ್ದ. ಆ ಬಿಡುವಿನ ಹೆಸರೇ ಕಲಿಯುವ ಜಾಗಕ್ಕೂ ಬಂತು.

ಸ್ಕಾಲರ್‌ಶಿಪ್ ಎಂಬುದಕ್ಕೆ ಜಾನ್ಸನ್ ಮೊದಲು ಕೊಡುವ ಅರ್ಥ ವಿದ್ವತ್ತು, ಜ್ಞಾನ. ಓದುವವನಿಗೆ ಕೊಡುವ ಹಣ ಎಂಬ ಅರ್ಥ ಕೊನೆಗೆ ಬರುತ್ತದೆ. ಈಗ ನಮ್ಮ ಕಾಲೇಜಿನ ಕಚೇರಿಯ ಮುಂದೆ ನಿಂತು ಸ್ಕಾಲರ್‌ಶಿಪ್ ಎಂದರೆ ಅರ್ಜಿ, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕ್ ಪಾಸ್‌ಬುಕ್ ಅಷ್ಟೇ ನೆನಪಾಗುತ್ತದೆ. ಕನ್ನಡದಲ್ಲಿ ಅದನ್ನು ವಿದ್ಯಾರ್ಥಿವೇತನ ಎಂದು ಕರೆದಿದ್ದೇವೆ. ವೇತನ ಎಂದರೆ ಸಂಬಳ. ನಾನು ಹೇಳುವುದು ಇಷ್ಟೆ. ಆ ಹಣ ಸಂಬಳವೂ ಅಲ್ಲ, ದಾನವೂ ಅಲ್ಲ. ಅದು ಬಿಡುವಿನ ಬೆಲೆ. ಸಂಜೆ ಅಂಗಡಿಯಲ್ಲಿ ನಿಲ್ಲಬೇಕಾದ ಹುಡುಗ, ಅಮ್ಮನ ಜೊತೆ ಬೀಡಿ ಕಟ್ಟಬೇಕಾದ ಹುಡುಗಿ, ಅವರಿಗೆ ಎರಡು ಗಂಟೆ ಪುಸ್ತಕದ ಮುಂದೆ ಕೂರಲು ಸಿಗುವ ಬಿಡುವನ್ನು ಆ ಹಣ ಕೊಂಡುಕೊಡುತ್ತದೆ. ಶ್ರೀಮಂತರ ಮಕ್ಕಳಿಗೆ ಈ ಬಿಡುವು ಹುಟ್ಟಿನಿಂದಲೇ ಇರುತ್ತದೆ. ಜಾನ್ಸನ್‌ಗೆ ಸಿಗದೇ ಹೋದದ್ದು ಬೂಟಲ್ಲ, ಇದೇ ಬಿಡುವು. ಸ್ಕಾಲರ್‌ಶಿಪ್ ತಡವಾದಾಗ ನಾವು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ ಎಂದು ಈ ಹಳೆಯ ಪದ ನೆನಪಿಸುತ್ತದೆ. ಹಾಗೆಯೇ, ಹಣ ಬಂದ ಮೇಲೆ ಆ ಬಿಡುವನ್ನು ಮೊಬೈಲಿಗೆ ಕೊಟ್ಟರೆ ಏನು ಕಳೆದುಕೊಂಡಂತಾಯಿತು ಎಂದೂ ನೆನಪಿಸುತ್ತದೆ.

ಮೂರನೆಯದು ಪ್ಯೂಪಿಲ್. ಇದರ ಕಥೆ ಇನ್ನೂ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಇದರ ಮೂಲಪದ ತಂದೆಯಿಲ್ಲದ ಮಗುವನ್ನು ಸೂಚಿಸುತ್ತಿತ್ತು. ರೋಮನ್ ಕಾನೂನಿನಲ್ಲಿ ಅಂಥ ಮಗುವನ್ನು ನೋಡಿಕೊಳ್ಳಲು ನೇಮಕವಾದ ಪೋಷಕನ ಹೆಸರು ಟ್ಯೂಟರ್. ಹಾಗಾಗಿಯೇ ಜಾನ್ಸನ್ ಅವರ ನಿಘಂಟಿನಲ್ಲಿ ಪ್ಯೂಪಿಲ್ ಎಂದರೆ ಟ್ಯೂಟರ್ ಆರೈಕೆಯಲ್ಲಿರುವವನು, ಪೋಷಕರ ರಕ್ಷಣೆಯಲ್ಲಿರುವವನು. ಟ್ಯೂಟರ್ ಎಂದರೆ ಇನ್ನೊಬ್ಬರ ಕಲಿಕೆ ಮತ್ತು ನಡತೆ ಎರಡರ ಜವಾಬ್ದಾರಿ ಹೊತ್ತವನು. ಟ್ಯೂಷನ್ ಎಂಬ ಪದ ನಮಗೆಲ್ಲ ಚೆನ್ನಾಗಿ ಗೊತ್ತು. ಆ ನಿಘಂಟಿನಲ್ಲಿ ಟ್ಯೂಷನ್ ಎಂದರೆ ಕಾಪಾಡುವುದು, ಪೋಷಕನ ಕಾಳಜಿ. ಈಗ ಟ್ಯೂಷನ್ ಎಂದರೆ ತಿಂಗಳಿಗೆ ಇಷ್ಟು ಎಂದು ಕೊಟ್ಟು ಬೆಳಿಗ್ಗೆ ಆರಕ್ಕೆ ಹೋಗುವ ಕ್ಲಾಸು. ಹಣ ಕೊಟ್ಟರೆ ಕಾಳಜಿ ಇರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಪದದಿಂದ ಕಾಳಜಿ ಯಾವಾಗ ಜಾರಿತು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಪ್ಯೂಪಿಲ್ ಎಂಬ ಪದಕ್ಕೆ ಇನ್ನೊಂದು ಅರ್ಥವಿದೆ. ಜೀವಶಾಸ್ತ್ರ ಓದುವ ಗೆಳೆಯರಿಗೆ ಅದು ಗೊತ್ತು. ಕಣ್ಣಿನ ನಡುವಿನ ಕಪ್ಪು ಭಾಗವೂ ಪ್ಯೂಪಿಲ್. ಲ್ಯಾಟಿನ್‌ನಲ್ಲಿ ಪುಟ್ಟ ಹುಡುಗಿ ಅಥವಾ ಗೊಂಬೆ ಎಂಬ ಅರ್ಥದ ಪದ ಇದಕ್ಕೆ ಮೂಲ. ಎದುರಿನವರ ಕಣ್ಣನ್ನು ಹತ್ತಿರದಿಂದ ನೋಡಿದರೆ ಅದರಲ್ಲಿ ನಮ್ಮದೇ ಪುಟ್ಟ ರೂಪ ಗೊಂಬೆಯಂತೆ ಕಾಣುತ್ತದಲ್ಲ, ಅದಕ್ಕೇ ಆ ಹೆಸರು. ಆಶ್ಚರ್ಯವೆಂದರೆ ನಮ್ಮ ಭಾಷೆಗಳೂ ಇದನ್ನೇ ಕಂಡಿವೆ. ಕನ್ನಡದಲ್ಲಿ ಕಣ್ಣಪಾಪೆ ಎನ್ನುತ್ತೇವೆ. ಪಾಪೆ ಎಂದರೆ ಗೊಂಬೆಯೂ ಹೌದು. ಉರ್ದುವಿನಲ್ಲಿ ಆಂಖ್ ಕೀ ಪುತ್ಲಿ. ಪುತ್ಲಿ ಎಂದರೂ ಗೊಂಬೆಯೇ. ಅರಬಿಯಲ್ಲಿ ಇನ್ಸಾನುಲ್ ಐನ್, ಅಂದರೆ ಕಣ್ಣಿನೊಳಗಿನ ಮನುಷ್ಯ. ಪ್ಯೂಪಿಲ್ ಎಂಬ ಈ ಪದವನ್ನು ನಮ್ಮ ಉಪನ್ಯಾಸಕರ ಮುಂದಿಟ್ಟು ಒಂದು ಮಾತು ಹೇಳುವ ಆಸೆ ನನಗೆ. ಸರ್, ಮೇಡಂ, ನಿಮ್ಮ ಕಣ್ಣಲ್ಲಿ ಕಾಣುವ ಪುಟ್ಟ ರೂಪ ನಮ್ಮದೇ ಆಗಿರಲಿ, ನಮ್ಮ ರಿಜಿಸ್ಟರ್ ನಂಬರಿನದ್ದಲ್ಲ.

ನಾಲ್ಕನೆಯದು ಲರ್ನ್, ಲರ್ನರ್. ಲರ್ನ್ ಎಂಬುದಕ್ಕೆ ಕಲಿ ಎಂಬ ಅರ್ಥದ ಜೊತೆಗೆ ಕಲಿಸು ಎಂಬ ಅರ್ಥವನ್ನೂ ಜಾನ್ಸನ್ ಕೊಡುತ್ತಾರೆ. ಆ ಬಳಕೆ ಹಳತಾಯಿತು ಎಂದು ಹೇಳಿ, ಯುರೋಪಿನ ಹಲವು ಭಾಷೆಗಳಲ್ಲಿ ಕಲಿಯುವುದಕ್ಕೂ ಕಲಿಸುವುದಕ್ಕೂ ಒಂದೇ ಪದ ಇರುವುದನ್ನು ಗುರುತಿಸುತ್ತಾರೆ. ಕನ್ನಡದವರಿಗೆ ಇದು ವಿಚಿತ್ರ ಅನ್ನಿಸಬಾರದು. ನಮ್ಮಲ್ಲಿ ಕಲಿ ಎಂಬುದಕ್ಕೆ ಸು ಸೇರಿಸಿದರೆ ಕಲಿಸು ಆಗುತ್ತದೆ. ಅರಬಿಯಲ್ಲಿ ಅಲಿಮ ಎಂದರೆ ತಿಳಿದನು, ನಡುವಿನ ಅಕ್ಷರವನ್ನು ಒತ್ತಿ ಅಲ್ಲಮ ಎಂದರೆ ಕಲಿಸಿದನು. ಆಲಿಂ, ಮುಅಲ್ಲಿಂ, ಇಲ್ಮ್ ಎಲ್ಲವೂ ಒಂದೇ ಬೇರಿನ ಕೊಂಬೆಗಳು. ಅದೇ ಬೇರಿನ ತಾಲೀಮ್ ಎಂಬ ಪದ ಕನ್ನಡಕ್ಕೂ ಬಂದು ತಾಲೀಮು ಆಗಿದೆ. ಕುಸ್ತಿಯವರು, ನಾಟಕದವರು, ಸಂಗೀತದವರು ತಾಲೀಮು ಮಾಡುತ್ತಾರೆ. ಒಮ್ಮೆ ಕೇಳಿ ಬಿಡುವುದಲ್ಲ, ಮೈಗೆ ಹತ್ತುವವರೆಗೆ ಮಾಡುವುದು ಎಂಬ ಅರ್ಥ ಕನ್ನಡದ ಅಖಾಡದಲ್ಲಿ ಗಟ್ಟಿಯಾಗಿ ಉಳಿಯಿತು.

ಇನ್ನು ಗೈಡಿನ ಪಟ್ಟಿಯಲ್ಲಿಲ್ಲದ, ಆದರೆ ನಮ್ಮೆಲ್ಲರ ಹಣೆಗೆ ಅಂಟಿರುವ ಐದನೆಯ ಪದ ಕ್ಯಾಂಡಿಡೇಟ್. ಜಾನ್ಸನ್ ಇದಕ್ಕೆ ಸ್ಪರ್ಧಿ, ಏನೋ ಒಂದು ಲಾಭಕ್ಕಾಗಿ ತನ್ನನ್ನು ಮುಂದಿಟ್ಟುಕೊಂಡು ಕೇಳುವವನು ಎಂಬ ಅರ್ಥ ಕೊಡುತ್ತಾರೆ. ರೋಮ್ ನಗರದಲ್ಲಿ ಅಧಿಕಾರದ ಸ್ಥಾನ ಬಯಸಿ ಮತ ಕೇಳುವವರು ಬಟ್ಟೆಗೆ ಸೀಮೆಸುಣ್ಣ ಹಚ್ಚಿ ಬೆಳ್ಳಗೆ ಹೊಳೆಯುವಂತೆ ಮಾಡಿಕೊಂಡು ಬರುತ್ತಿದ್ದರು. ಬಿಳಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವರಿಗೆ ಆ ಹೆಸರು. ಕ್ಯಾಂಡಲ್ ಕೂಡ ಇದೇ ಬಳಗದ ಪದ. ಮುಚ್ಚುಮರೆಯಿಲ್ಲದ ಎಂಬ ಅರ್ಥದ ಕ್ಯಾಂಡಿಡ್ ಸಹ ಇದೇ ಬಳಗದ್ದು. ಒಂದೇ ಬಿಳುಪಿನಿಂದ ಒಂದು ಕಡೆ ಬೆಳಕು ಬಂತು, ಒಂದು ಕಡೆ ಪ್ರಾಮಾಣಿಕತೆ ಬಂತು, ಇನ್ನೊಂದು ಕಡೆ ಬಟ್ಟೆಗೆ ಹಚ್ಚಿದ ಸುಣ್ಣ ಬಂತು.

ಕ್ಯಾಂಡಿಡೇಟ್ ಎಂಬುದಕ್ಕೆ ಕನ್ನಡದಲ್ಲಿ ಅಭ್ಯರ್ಥಿ ಎಂದು ಬಳಸುತ್ತೇವೆ. ವಿದ್ಯಾರ್ಥಿ, ಅಭ್ಯರ್ಥಿ. ಎರಡರಲ್ಲೂ ಅರ್ಥಿ ಇದೆ, ಬಯಸುವವನು ಇದ್ದಾನೆ. ವಿದ್ಯಾರ್ಥಿ ಬಯಸುವುದು ವಿದ್ಯೆಯನ್ನು. ಅಭ್ಯರ್ಥಿ ಬಯಸುವುದು ಸೀಟನ್ನು, ಹುದ್ದೆಯನ್ನು, ಮತವನ್ನು. ಹಾಲ್ ಟಿಕೆಟ್ಟಿನಲ್ಲಿ ನಾವು ಅಭ್ಯರ್ಥಿಗಳು. ಸಿಇಟಿ, ನೀಟ್ ಪ್ರಕಟಣೆಗಳಲ್ಲಿ ಅಭ್ಯರ್ಥಿಗಳು. ಅದರಲ್ಲಿ ತಪ್ಪೇನೂ ಇಲ್ಲ, ವರ್ಷದಲ್ಲಿ ಕೆಲವು ದಿನ ಯಾರಾದರೂ ಅಭ್ಯರ್ಥಿ ಆಗಲೇಬೇಕು. ನನ್ನ ಆತಂಕ ಬೇರೆ. ದ್ವಿತೀಯ ಪಿಯುಸಿಗೆ ಬಂದ ಮೇಲೆ ನಾವು ವರ್ಷವಿಡೀ ಅಭ್ಯರ್ಥಿಗಳಾಗಿಯೇ ಬದುಕುತ್ತಿದ್ದೇವೆ. ಪಾಠ ನಡೆಯುತ್ತಿರುವಾಗ ಯಾರಾದರೂ ಹೊಸ ಪ್ರಶ್ನೆ ಕೇಳಿದರೆ, ಇದು ಪರೀಕ್ಷೆಗೆ ಬರುತ್ತದಾ ಎಂದು ಹಿಂದಿನ ಬೆಂಚಿನಿಂದ ದನಿ ಬರುತ್ತದೆ. ಬರುವುದಿಲ್ಲ ಎಂದಾದರೆ ಪೆನ್ನುಗಳು ಕೆಳಗಿಳಿಯುತ್ತವೆ. ಆ ಕ್ಷಣದಲ್ಲಿ ತರಗತಿಯಿಂದ ವಿದ್ಯಾರ್ಥಿ ಎದ್ದುಹೋಗಿ, ಆ ಜಾಗದಲ್ಲಿ ಅಭ್ಯರ್ಥಿ ಬಂದು ಕೂತಿರುತ್ತಾನೆ.

ಇಲ್ಲಿ ಇಬ್ಬರು ನನ್ನನ್ನು ತಡೆದು ಕೇಳಬಹುದು.

ಮೊದಲನೆಯವರು ಹೇಳುತ್ತಾರೆ: ಹಳೆಯ ಅರ್ಥವೇ ನಿಜವಾದ ಅರ್ಥ ಎನ್ನುವುದು ಸರಿಯೇ? ಸರಿಯಲ್ಲ. ಜಾನ್ಸನ್ ಸ್ಟೂಡೆಂಟ್ ಎಂಬುದಕ್ಕೆ ಅರ್ಥ ಬರೆಯುವಾಗ ಗಂಡಸು ಎಂದೇ ಬರೆದರು. ಅವರ ವಾಕ್ಯದಲ್ಲಿ ನಮ್ಮ ಕಾಲೇಜಿನ ಹುಡುಗಿಯರಿಗೆ ಜಾಗವೇ ಇಲ್ಲ. 1828ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್ ತಮ್ಮ ನಿಘಂಟಿನಲ್ಲಿ ಪ್ಯೂಪಿಲ್ ಎಂಬುದಕ್ಕೆ ಅರ್ಥ ಹೇಳುವಾಗ, ಗಂಡಾಗಲಿ ಹೆಣ್ಣಾಗಲಿ ಎಂದು ಸೇರಿಸಿದರು. ಜಾನ್ಸನ್ ಓಟ್ಸ್ ಎಂಬ ಧಾನ್ಯಕ್ಕೆ ಅರ್ಥ ಬರೆಯುವಾಗಲೂ ಸ್ಕಾಟ್ಲೆಂಡಿನವರನ್ನು ಚುಚ್ಚಿದರು. ಇಂಗ್ಲೆಂಡಿನಲ್ಲಿ ಕುದುರೆ ತಿನ್ನುವುದನ್ನು ಅಲ್ಲಿ ಜನ ತಿನ್ನುತ್ತಾರೆ ಎಂಬಂಥ ಮಾತು ಅದು. ಅವರ ಆರು ಸಹಾಯಕರಲ್ಲಿ ಐವರು ಸ್ಕಾಟ್ಲೆಂಡಿನವರೇ ಆಗಿದ್ದರು! ನಿಘಂಟು ಆಕಾಶದಿಂದ ಇಳಿದ ಪುಸ್ತಕವಲ್ಲ. ಅದನ್ನು ಮನುಷ್ಯರು ಬರೆಯುತ್ತಾರೆ, ಅವರ ಕಾಲದ ಕಲೆಗಳೂ ಅದರಲ್ಲಿರುತ್ತವೆ. ಹಳೆಯ ನಿಘಂಟನ್ನು ಓದಬೇಕಾದದ್ದು ಅದನ್ನು ಪಾಲಿಸಲು ಅಲ್ಲ. ಅರ್ಥ ಬದಲಾಗುತ್ತದೆ, ಬದಲಾಯಿಸುವವರು ಅದನ್ನು ಬಳಸುವ ಜನರೇ ಎಂದು ಕಣ್ಣಾರೆ ಕಾಣಲು. ಪ್ಯೂಪಿಲ್ ಎಂಬ ಪದದೊಳಗೆ ಹುಡುಗಿಯನ್ನು ಬರಮಾಡಿಕೊಳ್ಳಲು ಸಾಧ್ಯವಾದರೆ, ಟ್ಯೂಷನ್ ಎಂಬ ಪದದೊಳಗೆ ಕಾಳಜಿಯನ್ನು ಮರಳಿ ತರಲು ಯಾಕೆ ಆಗಬಾರದು?

ಎರಡನೆಯವರು ಹೇಳುತ್ತಾರೆ: ಇದೆಲ್ಲ ಕೇಳಲು ಚೆನ್ನ, ಆದರೆ ಅಂಕ ಬೇಕಲ್ಲ? ಮನೆಯಲ್ಲಿ ನಮ್ಮನ್ನು ಓದಿಸುತ್ತಿರುವುದು ಕಷ್ಟಪಟ್ಟು. ಗಲ್ಫಿನಲ್ಲಿ ದುಡಿಯುವ ಅಪ್ಪನಿಗೆ ಪದದ ಬೇರು ತೋರಿಸಿ ಸಮಾಧಾನ ಹೇಳಲು ಆಗದು. ಒಪ್ಪಿದೆ. ಆದರೆ ಅಂಕದ ಲೆಕ್ಕದಲ್ಲೂ ಬಿಡಿ ಬಿಡಿ ಪಟ್ಟಿಗಿಂತ ಕುಟುಂಬ ಹಿಡಿದು ಕಲಿಯುವುದೇ ಲಾಭ. ಕ್ಯಾಂಡಲ್, ಕ್ಯಾಂಡಿಡ್, ಕ್ಯಾಂಡಿಡೇಟ್ ಮೂರನ್ನೂ ಬಿಳಿ ಎಂಬ ಒಂದು ದಾರದಲ್ಲಿ ಪೋಣಿಸಿಕೊಂಡವರಿಗೆ ಕ್ಯಾಂಡರ್ ಎಂಬ ಹೊಸ ಪದ ಸಿಕ್ಕರೂ ಗಾಬರಿಯಾಗದು. ಅರಬಿ ನಿಘಂಟುಗಳ ಕ್ರಮ ಇದೇ. ಆಲಿಂ, ಮುಅಲ್ಲಿಂ, ತಾಲೀಮ್ ಎಲ್ಲವನ್ನೂ ಮೂರು ಅಕ್ಷರಗಳ ಒಂದೇ ಬೇರಿನ ಅಡಿಯಲ್ಲಿ ಅಲ್ಲಿ ಒಟ್ಟಿಗೆ ಹುಡುಕಬಹುದು. ಅರಬಿ ಎರಡನೇ ಭಾಷೆಯಾಗಿರುವ ನಮ್ಮ ಗೆಳೆಯರಿಗೆ ಈ ಅಭ್ಯಾಸ ಆಗಲೇ ಇದೆ. ಅದನ್ನು ಇಂಗ್ಲಿಷಿಗೂ ಕನ್ನಡಕ್ಕೂ ಒಯ್ದರೆ ಸಾಕು.

ಒಂದು ಎಚ್ಚರಿಕೆಯೂ ಜಾನ್ಸನ್ ಅವರ ನಿಘಂಟಿನಲ್ಲೇ ಇದೆ. ಪೆಡಂಟ್ ಎಂಬ ಪದಕ್ಕೆ ಅಲ್ಲಿ ಮೊದಲ ಅರ್ಥ ಶಾಲಾ ಮಾಸ್ತರ, ಎರಡನೇ ಅರ್ಥ ಅಲ್ಪ ವಿದ್ಯೆಯನ್ನು ಮೆರೆಸಿಕೊಂಡು ತಿರುಗುವವನು. ಪದಗಳ ಬೇರು ಗೊತ್ತೆಂದು ಎದುರಿನವರ ಇಂಗ್ಲಿಷನ್ನು ತಿದ್ದುತ್ತಾ ಹೋದರೆ ನಮಗೂ ಆ ಎರಡನೇ ಅರ್ಥ ಅಂಟುತ್ತದೆ.

ಹಾಗಾದರೆ ಏನು ಮಾಡಬೇಕು? ದುಬಾರಿ ಕೆಲಸಗಳೇನೂ ಬೇಡ. ಮೊದಲನೆಯದು, ಗ್ರಂಥಾಲಯದಲ್ಲಿ ಪದಗಳ ಇತಿಹಾಸ ಹೇಳುವ ಒಂದು ದೊಡ್ಡ ಇಂಗ್ಲಿಷ್ ನಿಘಂಟು ಕೈಗೆ ಸಿಗುವ ಕಪಾಟಿನಲ್ಲಿರಲಿ. ಅದರ ಪಕ್ಕದಲ್ಲಿ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟಿನ ಮರುಮುದ್ರಣವೂ, ಹಳೆಯ ಕೃತಿಗಳ ಪ್ರಯೋಗಗಳನ್ನು ಕೊಡುವ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಇರಲಿ. ಎರಡನೆಯದು, ಸೂಚನಾ ಫಲಕದಲ್ಲಿ ವಾರಕ್ಕೊಂದು ಪದ ಬರಲಿ. ಇಂಗ್ಲಿಷ್ ಪದ, ಅದರ ಹಳೆಯ ಅರ್ಥ, ಅದಕ್ಕೆ ಕನ್ನಡದಲ್ಲಿ, ಉರ್ದುವಿನಲ್ಲಿ, ಅರಬಿಯಲ್ಲಿ, ಬ್ಯಾರಿ ಮತ್ತು ತುಳುವಿನಲ್ಲಿ ಏನು ಹೇಳುತ್ತೇವೆ ಎಂದು ಬೇರೆ ಬೇರೆ ಮನೆಮಾತಿನವರು ಸೇರಿ ಬರೆಯಲಿ. ನಮ್ಮ ಒಂದೊಂದು ತರಗತಿಯಲ್ಲೂ ಇಷ್ಟು ಭಾಷೆಗಳು ಇರುವಾಗ ಇದಕ್ಕೆ ಹೊರಗಿನವರನ್ನು ಕರೆಸುವ ಅಗತ್ಯವಿಲ್ಲ.

ಮೂರನೆಯದು ತೀರಾ ಚಿಕ್ಕ ಕೋರಿಕೆ, ಪ್ರಾಂಶುಪಾಲರಿಗೆ. ಪಬ್ಲಿಕ್ ಪರೀಕ್ಷೆಯ ಹಾಲ್ ಟಿಕೆಟ್ಟಿನಲ್ಲಿ ಏನಿರಬೇಕು ಎಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಕಾಲೇಜಿನ ಕಿರುಪರೀಕ್ಷೆಗಳ ಉತ್ತರ ಪತ್ರಿಕೆಯನ್ನು ನಾವೇ ಅಚ್ಚು ಹಾಕಿಸುತ್ತೇವೆ. ಅದರ ಮೇಲೆ ಅಭ್ಯರ್ಥಿಯ ಹೆಸರು ಎಂದು ಇರುವ ಕಡೆ, ಮುಂದಿನ ಸಲ, ವಿದ್ಯಾರ್ಥಿಯ ಹೆಸರು ಎಂದು ಹಾಕಿಸಿ. ಆ ಗೆರೆಯ ಮೇಲೆ ಹೆಸರು ಬರೆಯುವಾಗ ನಾವು ಏನನ್ನು ಬಯಸಿ ಈ ಗೇಟಿನೊಳಗೆ ಬಂದೆವು ಎಂಬುದು ಒಂದು ಕ್ಷಣವಾದರೂ ನೆನಪಾಗಲಿ.

– ದ್ವಿತೀಯ ಪಿಯುಸಿ, ಕಲಾ ವಿಭಾಗ